ಜಾಕೀಟಿನ ಕಿಸೆ

ಎರಡನೇ ಶನಿವಾರ, ಕಾಲೇಜಿಗೆ ರಜೆ. ಗಲ್ಲಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ರಾವಸಾಹೇಬನಿಗೆ ಕಟ್ಟಿಕೊಂಡ ತನ್ನ ಎಡಗಿವಿ ಇವತ್ತೂ ಬಿಟ್ಟಿಲ್ಲ ಎನ್ನುವುದು ಎಲ್ಲಕ್ಕಿಂತ ಮೊದಲು ತಿಳಿಯಿತು. ಸಮುದ್ರದಿಂದ ಮೇಲೆ ಬಂದು ಎರಡು ತಿಂಗಳಾಗಿತ್ತು. ಗೋಕಾಕದ ಕಿವಿ ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ಎರಡು ಸಲ ನೋಡಿ, “ಏನೂ ಇಲ್ರಿ ಸರ್, ಪರದೆ ಸ್ವಚ್ಛ ಐತಿ” ಎಂದಿದ್ದರು. ಏನೂ ಇಲ್ಲದಿದ್ದರೆ ತನ್ನ ಮಾತು ತನಗೇ ಒಳಗಿನಿಂದ ಯಾಕೆ ಕೇಳಬೇಕು? ತರಗತಿಯಲ್ಲಿ ಪಾಠ ಮಾಡುವಾಗಲಂತೂ ಯಾರೋ ಬೇರೆಯವನು ತನ್ನ ತಲೆಯೊಳಗೆ ಕೂತು, ಸ್ವಲ್ಪವೂ ತಡವರಿಸದೆ, ವಿದ್ಯಾರ್ಥಿಗಳಿಗೆ ಏನೇನೋ ಹೇಳಿ ನಂಬಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಹದಿನೆಂಟು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಸಾವಿರಾರು ಸಣ್ಣ ಪ್ರಾಣಿಗಳು ಕೂಡಿ ಕಟ್ಟಿಕೊಂಡ ಮನೆ ಎಂದು ಪ್ರಯೋಗಶಾಲೆಯ ಬಾಟಲಿಯಲ್ಲಿದ್ದ ಒಣ ತುಂಡನ್ನು ತೋರಿಸಿ ಹದಿನೆಂಟು ಸಲ ಹೇಳಿದ್ದ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೆ ಹವಳವೂ ಇದೆ, ತೆಗೆದುಕೊಂಡು ಬಂದರೆ ಜೈಲು ಎಂದು ಹದಿನೆಂಟು ಸಲ ಹೆದರಿಸಿದ್ದ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅದು. ಈ ವರ್ಷ ಆ ಪಾಠ ಬಂದಾಗ ಬಾಟಲಿಯನ್ನು ಕಪಾಟಿನಿಂದ ತೆಗೆಯಲೇ ಇಲ್ಲ, ನೋಟ್ಸ್ ಬರೆಸಿ ಮುಗಿಸಿಬಿಟ್ಟ.

ಹಿತ್ತಲ ಬಾವಿಯ ಹತ್ತಿರ ತಾಯಿ ಪದ್ಮವ್ವ ನೀರು ಸೋಸುತ್ತಿದ್ದಳು. ಹುಕ್ಕೇರಿಯ ಆ ಓಣಿಯಲ್ಲಿ ಉಳಿದ ಜೈನರ ಮನೆಗಳಲ್ಲೆಲ್ಲ ನಲ್ಲಿ ಬಂದು, ನಲ್ಲಿಗೇ ಅರಿವೆ ಕಟ್ಟಿ ಕೈ ತೊಳೆದುಕೊಂಡಿದ್ದರು. ಪದ್ಮವ್ವ ಮಾತ್ರ ಎಪ್ಪತ್ನಾಲ್ಕರಲ್ಲೂ ಬಾವಿ ಬಿಟ್ಟಿರಲಿಲ್ಲ. ಎರಡು ಪದರಿನ ಬಿಳಿ ಅರಿವೆಯಲ್ಲಿ ನೀರು ಸೋಸಬೇಕು, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ಒಂದು ತಾಮ್ರದ ಚೊಂಬಿಗೆ ಇಳಿಸಬೇಕು, ಅವನ್ನು ಮತ್ತೆ ಅದೇ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟು. ಅದಕ್ಕೆಂದೇ ಆ ಚೊಂಬಿನ ತಳಕ್ಕೂ ಒಂದು ಕೊಂಡಿಯಿತ್ತು. ನೀರು ಮುಟ್ಟಿದ ಮೇಲೆ ಹಗ್ಗ ಜಗ್ಗಿದರೆ ಚೊಂಬು ಮೆಲ್ಲಗೆ ತಾನೇ ಮಗುಚಿಕೊಳ್ಳುತ್ತಿತ್ತು. ಏಳು ವರ್ಷದವನಿದ್ದಾಗ ರಾವಸಾಹೇಬ ಸೋಮಾರಿತನಕ್ಕೆ ಪಕ್ಕದ ಮನೆಯ ನೀರಿನ ಜೀವಗಳನ್ನು ತಮ್ಮ ಬಾವಿಗೆ ಸುರಿದುಬಿಟ್ಟಿದ್ದ. ಪದ್ಮವ್ವ ಹೊಡೆಯಲಿಲ್ಲ, ಬೈಯಲೂ ಇಲ್ಲ. “ಅವು ತಮ್ಮ ನೀರು ಬಿಟ್ಟು ಎಲ್ಲಿ ಬಾಳ್ವೆ ಮಾಡ್ತಾವು?” ಎಂದಷ್ಟೇ ಕೇಳಿ ಆ ದಿನ ಊಟ ಬಿಟ್ಟಳು. ಅವನು ಅವಳ ಎದುರಿಗೆ ಕೂತು ಒಬ್ಬನೇ ಉಣ್ಣಬೇಕಾಯಿತು. ಆ ರೊಟ್ಟಿ ನಲವತ್ತು ವರ್ಷವಾದರೂ ಅವನಿಗೆ ಮರೆತಿರಲಿಲ್ಲ.

ಗಡ್ಡ ಅರ್ಧ ಆಗಿತ್ತು. ಅಷ್ಟರಲ್ಲಿ ಹೆಂಡತಿ ಪ್ರಣಿತಾ ಒಳಗೆ ಬಂದು ದನಿ ತಗ್ಗಿಸಿ, “ಆ ಓಂಕಾರನ ಅಪ್ಪ ಬಂದಾರ್ರಿ, ದಡ್ಡಿ ಊರಿಂದ” ಎಂದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವಳಿಗೆ ಯಾವ ಮಾತನ್ನೂ ಎರಡು ಸಲ ಹೇಳಿ ರೂಢಿಯಿರಲಿಲ್ಲ. ಹೇಳಿದವಳು ಕನ್ನಡಿಯಲ್ಲಿ ಅವನ ಮುಖ ನೋಡುತ್ತ ಅಲ್ಲೇ ನಿಂತಳು. ಸೋಪು ಒಣಗುತ್ತಿತ್ತು. ಇನ್ನರ್ಧ ಗಡ್ಡವನ್ನು ಅವನು ಎಷ್ಟು ಸಾವಕಾಶವಾಗಿ ಮಾಡಿಕೊಂಡನೆಂದರೆ, ಬಂದವರು ಬೇಸತ್ತು ಎದ್ದು ಹೋಗಲಿ ಎಂಬ ತನ್ನ ಆಸೆ ತನಗೇ ಕಂಡು ನಾಚಿಕೆಯಾಯಿತು. ಎರಡು ಕಡೆ ಗಾಯವೂ ಆಯಿತು.

ದುರ್ಗಪ್ಪ ಎದ್ದು ಹೋಗುವ ಮನುಷ್ಯನಾಗಿರಲಿಲ್ಲ. ಹಿಡಕಲ್ ಡ್ಯಾಮಿನ ಗೇಟಿನ ಮೇಲೆ ಮೂವತ್ತೊಂದು ವರ್ಷ ನೀರು ಕಾಯ್ದು ನಿವೃತ್ತನಾದವನು. ಕಾಯುವುದೇ ಆತನ ಕಸುಬಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು, ಹೊರಗಿನ ಕಟ್ಟೆಯ ತುದಿಗೆ ಕೂತಿದ್ದ. ರಾವಸಾಹೇಬನನ್ನು ಕಂಡು ಎದ್ದು ನಿಂತ. ಒಳಗೆ ಬನ್ನಿ ಎಂದರೆ, “ಇಲ್ಲೇ ಗಾಳಿ ಐತ್ರಿ ಸರ್” ಎಂದ. ಪದ್ಮವ್ವ ಹಿತ್ತಲಿನಿಂದಲೇ ನೀರು ಬೇಕೇನೆಂದು ಕೂಗಿ ಕೇಳಿದ್ದಕ್ಕೆ, ಚೀಲದಿಂದ ಬಾಟಲಿ ಎತ್ತಿ ತೋರಿಸಿ, “ನೀರು ತಂದೇನ್ರಿ ಅವ್ವಾರ” ಎಂದ. ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ಮನೆಗೆ ಹೋಗುವಾಗ ಏನು ಒಯ್ಯಬೇಕು ಎಂದು ಬಹಳ ಹಿಂದೆಯೇ ಕಲಿತವನ ತಯಾರಿ ಅದು. ಪದ್ಮವ್ವ ಎರಡನೇ ಸಲ ಕೇಳಲಿಲ್ಲ. ರಾವಸಾಹೇಬನೂ ಕೇಳಲಿಲ್ಲ.

“ಸೋಮವಾರ ವಿಚಾರಣಿ ಐತಂತ್ರಿ ಸರ್. ಅವನ ಲೈಸನ್ಸು ತಗದ ಇಟಗೊಂಡಾರ. ಜಾಕೀಟಿನ ಕಿಸೆದಾಗ ಹವಳದ ತುಂಡು ಸಿಕ್ಕೈತಿ, ಮಾರಾಕ ಇಟಗೊಂಡಿದ್ದ ಅಂತ ಬರದಾರಂತ.” ದುರ್ಗಪ್ಪ ಒಂದೊಂದೇ ಮಾತನ್ನು ತೂಗಿ ಇಡುತ್ತಿದ್ದ. “ಅವತ್ತ ನೀರಾಗ ಅವನ ಕೂಡ ಇದ್ದವರು ನೀವೊಬ್ಬರ. ಖರೆ ಏನ ಆತು ಅಂತ ನೀವು ಎರಡ ಸಾಲ ಬರದ ಕೊಟ್ರ ಅವನ ಕೆಲಸ ಉಳಿತೈತ್ರಿ. ಇಲ್ಲಾಂದ್ರ ಇನ್ನ ಯಾವ ಸಮುದ್ರದಾಗೂ ಇಳ್ಯಾಕ ಬಿಡೂದಿಲ್ಲಂತ. ಅವಗ ಬ್ಯಾರೆ ಏನೂ ಬರೂದಿಲ್ಲರಿ, ನೀರ ಒಂದ ಬರೂದು.”

“ಓಂಕಾರ ಏನು ಹೇಳ್ಯಾರ?”

“ಏನೂ ಹೇಳಿಲ್ರಿ. ಸರ್‌ಗೆ ಗೊತ್ತ ಐತಿ ಅಂದ, ಅಷ್ಟ.”

ಸರ್‌ಗೆ ಗೊತ್ತಿತ್ತು. ಗೊತ್ತಿರುವುದೇ ಸರ್ ಎನಿಸಿಕೊಂಡವನ ಕೆಲಸ. ಡಿಸೆಂಬರಿನಲ್ಲಿ ಪ್ರವಾಸ ಹೋದ ಅಂಡಮಾನಿನ ದ್ವೀಪದಲ್ಲಿ, ಮುಳುಗುವವರ ರಬ್ಬರಿನ ಅಂಗಿ ತನ್ನ ಹೊಟ್ಟೆಗೆ ಏರದೆ ಪ್ರಣಿತಾಳ ಜೊತೆ ಮನೆಯ ಮಾತಿನಲ್ಲಿ ಗೊಣಗುತ್ತಿದ್ದಾಗ, ಸಿಲಿಂಡರು ಕಟ್ಟುತ್ತಿದ್ದ ಗೈಡು ಓಂಕಾರ ತಲೆ ಎತ್ತಿ ನಕ್ಕಿದ್ದ. “ಉಸರ ಬಿಟ್ಟ ಏರಿಸ್ರಿ ಸರ್, ಬರ್ತೈತಿ. ನಮ್ದು ದಡ್ಡಿರಿ, ಹಿಡಕಲ್ ನೀರಾಗ ಈಜ ಕಲತಂವ.” ಎರಡು ಸಾವಿರ ಕಿಲೋಮೀಟರ್ ಆಚೆ ಈ ಮಾತು ಕೇಳಿ ರಾವಸಾಹೇಬನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೂವತ್ತೈದರ ಗಟ್ಟಿ ಆಳು, ಬಿಸಿಲಿಗೆ ಕಂದಿದ ಹುಬ್ಬು. ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದ. ಮತ್ತು ಎರಡನೇ ಮಾತಿಗೇ, ನಾಲಿಗೆಯ ಮೇಲೆ ಯಾವಾಗಲೂ ತಯಾರಾಗಿ ಕೂತಿರುತ್ತದಲ್ಲ ಆ ಪ್ರಶ್ನೆ, “ದಡ್ಡಿಯೊಳಗ ಯಾರ ಪೈಕಿ?” ಎಂದು ಕೇಳಿಬಿಟ್ಟ. ಓಂಕಾರ ಸಿಲಿಂಡರಿನ ಪಟ್ಟಿ ಬಿಗಿಯುತ್ತ, “ದುರ್ಗಪ್ಪನ ಪೈಕಿರಿ” ಎಂದ. ನಗು ಹಾಗೇ ಇತ್ತು. ಹೆಗಲ ಮೇಲಿದ್ದ ಕೈಯನ್ನು ಈಗಲೇ ತೆಗೆದರೆ ಏನೆಂದುಕೊಳ್ಳುತ್ತಾನೋ ಎಂದು ರಾವಸಾಹೇಬ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇಟ್ಟಿದ್ದ. ಆ ಕೈಯ ಭಾರ ಇಬ್ಬರಿಗೂ ತಿಳಿದಿತ್ತು.

ಆಮೇಲೆ ನೀರು. ಮೂವತ್ತು ಅಡಿ ಕೆಳಗೆ ಲೋಕ ಇಷ್ಟು ಬಣ್ಣವಾಗಿರುತ್ತದೆಂದು ಹದಿನೆಂಟು ವರ್ಷದ ನೋಟ್ಸಿನಲ್ಲಿ ಎಲ್ಲೂ ಇರಲಿಲ್ಲ. ಹಳದಿ, ನೇರಳೆ, ಎಳೆಯ ಹುಣಸೆ ಚಿಗುರಿನ ಕೆಂಪು. ಕೊಂಬೆ ಕೊಂಬೆಯಾಗಿ ಹರಡಿದ ಹವಳದ ಒಂದೊಂದು ತುದಿಯಲ್ಲೂ ಸಣ್ಣ ಬೆರಳುಗಳು ತೆರೆದು ಮುಚ್ಚಿ ಏನನ್ನೋ ಬೇಡುತ್ತಿದ್ದವು. ಬದುಕಿವೆ, ಇವು ಬದುಕಿವೆ ಎಂದು ಅವನು ಬಾಯಿಯಲ್ಲಿ ಕೊಳವೆ ಕಚ್ಚಿಕೊಂಡೇ ಹೇಳಿದ. ಹೇಳಿದ್ದು ಗುಳ್ಳೆಯಾಗಿ ಮೇಲೆ ಹೋಯಿತು. ಹಿಂದಿನಿಂದ ಸಿಲಿಂಡರು ಹಿಡಿದುಕೊಂಡು ಓಂಕಾರ ಅವನನ್ನು ಮೆಲ್ಲಗೆ ನಡೆಸುತ್ತಿದ್ದ. ಮುಟ್ಟಬಾರದು ಎಂದು ದಡದಲ್ಲಿ ನಾಲ್ಕು ಸಲ ಹೇಳಿದ್ದ, ರಾವಸಾಹೇಬನೂ ತನಗೆ ಗೊತ್ತಿಲ್ಲದ್ದೇನು ಎಂಬಂತೆ ತಲೆಯಾಡಿಸಿದ್ದ. ಆಗ ಕಣ್ಣು ಮೂಗು ಮುಚ್ಚಿದ್ದ ಕನ್ನಡಕದೊಳಗೆ ನೀರು ಬಂತು. ಮೂಗಿನವರೆಗೆ ಬಂತು. ಉಸಿರು ಬಾಯಿಯಿಂದ ಎಂಬುದು ಮರೆತುಹೋಯಿತು. ತಾನು ಸತ್ತೆ, ಅದೂ ಎಲ್ಲೋ ದೂರದ ನೀರಿನಲ್ಲಿ ಸತ್ತೆ ಎಂಬುದೊಂದೇ ಉಳಿಯಿತು. ಓಂಕಾರ ಮುಂದೆ ಬಂದು ಅವನ ಮುಖ ಹಿಡಿಯುವಷ್ಟರಲ್ಲಿ ಅವನ ಕೈ ಎದುರಿಗೆ ಸಿಕ್ಕ ಕೊಂಬೆಯನ್ನು ಹಿಡಿದಿತ್ತು. ಅದು ಮುರಿಯಿತು. ಸದ್ದು ನೀರಿನಲ್ಲಿ ಕೇಳಿಸಲಿಲ್ಲ, ಮೂಳೆ ಮುರಿದಾಗ ಆಗುವಂತೆ ಅಂಗೈಯಲ್ಲಿ ತಿಳಿಯಿತು.

ಕನ್ನಡಕ ತೆರವಾಗಿ ಕಣ್ಣು ಬಿಟ್ಟಾಗ ಗೇಣುದ್ದದ ತುಂಡು ಕೈಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಬಿಟ್ಟು ಮುಂದೆ ಹೋಗುತ್ತಿದ್ದರು. ಮುರಿದದ್ದು ಮುರಿಯಿತು, ಬಿದ್ದಲ್ಲಿ ಬಿದ್ದಿರುತ್ತಿತ್ತು, ಯಾರ ಮನೆಯೂ ಹಾಳಾಗುತ್ತಿರಲಿಲ್ಲ. ರಾವಸಾಹೇಬನ ಕೈ ಬಿಡಲಿಲ್ಲ. ಎತ್ತರದಿಂದ ಬಿಡಬಾರದು, ಎಲ್ಲಿಂದ ತೆಗೆದೆಯೋ ಅಲ್ಲಿಯೇ ಮೆಲ್ಲಗೆ ಇಡಬೇಕು ಎಂದು ಅಂಗೈಗೆ ಏಳನೆಯ ವರ್ಷದಿಂದ ಗೊತ್ತಿತ್ತು. ಆದರೆ ಅಲ್ಲಿ ಎಂದರೆ ಎಲ್ಲಿ? ನೀರಿನ ಎಳೆತಕ್ಕೆ ಇಬ್ಬರೂ ಆಗಲೇ ಸರಿದು ಬಂದಿದ್ದರು, ಎದುರಿಗೆ ಅಂಥವೇ ನೂರು ಕೊಂಬೆಗಳಿದ್ದವು, ಯಾವುದರ ಗಾಯ ಯಾವುದು? ಓಂಕಾರ ಗಾಳಿಯ ಮಾಪಕ ನೋಡುತ್ತಿದ್ದಾಗ ಅವನು ಆ ತುಂಡನ್ನು ರಬ್ಬರಿನ ಅಂಗಿಯ ಮೇಲೆ ತಾನು ತೊಟ್ಟಿದ್ದ ಜಾಕೀಟಿನ ಕಿಸೆಯಲ್ಲಿ ಜೋಪಾನವಾಗಿ ಇಟ್ಟುಕೊಂಡ. ತಿರುಗಿ ಬರುವಾಗ ಹುಡುಕಿ ಇಡುತ್ತೇನೆ ಎಂದುಕೊಂಡ. ತಿರುಗಿ ಬರುವ ದಾರಿ ಬೇರೆಯಾಗಿತ್ತು.

ಹಡಗುಕಟ್ಟೆಯಲ್ಲಿ ರಕ್ಷಿತ ವಲಯದ ಕಾವಲುಗಾರರು ಎಲ್ಲರ ಚೀಲ ಜಾಲಾಡಿಸಿ ನೋಡುತ್ತಾರೆ. ಜಾಕೀಟು ಕೊಡವಿದಾಗ ತುಂಡು ಸಿಮೆಂಟಿನ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಬಣ್ಣ ಹೋಗಿ ಬೂದಿಯಾಗಿತ್ತು. ಅಧಿಕಾರಿ ಹಿಂದಿಯಲ್ಲಿ, ಇದು ಯಾರದು ಎಂದು ಕೇಳಿದ. ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು, ಬಂದಿತ್ತು ಎಂದು ರಾವಸಾಹೇಬ ಇವತ್ತಿಗೂ ಆಣೆ ಮಾಡಿ ಹೇಳಬಲ್ಲ. ಅಷ್ಟರಲ್ಲಿ ಪ್ರಣಿತಾಳ ಕೈ ಅವನ ಮೊಣಕೈಯನ್ನು ಹಿಡಿಯಿತು. ಅವನು ಹೇಳಿದ್ದು ಎರಡೇ ಶಬ್ದ: “ಜಾಕೀಟು ಅವರದು.” ಸುಳ್ಳಲ್ಲ. ಜಾಕೀಟು ನಿಜವಾಗಿ ಆ ಅಂಗಡಿಯದೇ, ಓಂಕಾರನೇ ತಂದು ತೊಡಿಸಿದ್ದು. ಅಧಿಕಾರಿ ಓಂಕಾರನತ್ತ ತಿರುಗಿದ. ಓಂಕಾರ ಅಧಿಕಾರಿಯನ್ನು ನೋಡಲಿಲ್ಲ, ರಾವಸಾಹೇಬನನ್ನು ನೋಡಿದ. ಬಹಳ ಹೊತ್ತೇನಲ್ಲ, ಬಸ್ಸಿನಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಕೊಡುವಷ್ಟು ಹೊತ್ತು. ಆಮೇಲೆ ಬಗ್ಗಿ ಉಳಿದ ಸಿಲಿಂಡರುಗಳನ್ನು ಎತ್ತಿಡತೊಡಗಿದ.

“ಏನ ಹವಳ ಅದು?” ಎಂದು ಪದ್ಮವ್ವ ಕೇಳಿದಾಗ ಅವನು ಬೆಚ್ಚಿದ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಿದ್ದಳು, ದುರ್ಗಪ್ಪನ ಮಾತಿನ ಅರ್ಧ ಕೇಳಿಸಿಕೊಂಡಿದ್ದಳು. ಕಾಗದ ತರುತ್ತೇನೆ ಎಂದು ನೆಪ ಹೇಳಿ ಅವನು ಒಳಗೆ ಬಂದ, ತಾಯಿ ಹಿಂದೆಯೇ ಬಂದಳು. “ಜೀವ ಇದ್ದದ್ದೇನ ಅದು?”

“ಹೌದವ್ವ. ಇತ್ತು.”

“ನೀರಿನಿಂದ ತಗದವರು ತಿರುಗಿ ಅಲ್ಲೇ ಇಟ್ಟಾರಿಲ್ಲ?”

“ಇಲ್ಲ. ಸರ್ಕಾರದವರು ಒಯ್ದರು.”

ಪದ್ಮವ್ವ ಯಾರು ತೆಗೆದರು ಎಂದು ಕೇಳಲಿಲ್ಲ. ಗೊತ್ತಾಗಿ ಕೇಳಲಿಲ್ಲವೋ, ಗೊತ್ತಾಗಬಾರದೆಂದು ಕೇಳಲಿಲ್ಲವೋ. “ಇವತ್ತ ನನಗ ಅಡಗಿ ಮಾಡಬ್ಯಾಡ ಪ್ರಣಿತಾ” ಎಂದು ಸೊಸೆಗೆ ಹೇಳಿ, ಜಪಮಣಿ ತೆಗೆದುಕೊಂಡು ಮೂಲೆಗೆ ಹೋಗಿ ಕೂತಳು. ಆ ಸಣ್ಣ ಪ್ರಾಣಿಗಳಿಗಾಗಿ ಅವಳ ಕಣ್ಣು ಒದ್ದೆಯಾಗಿತ್ತು. ಅವ್ವಾ, ಹೊರಗೆ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ, ಅವನ ಮಗನೂ ತನ್ನ ನೀರು ಬಿಟ್ಟು ಎಲ್ಲೂ ಬಾಳ್ವೆ ಮಾಡಲಾರ ಎಂದು ರಾವಸಾಹೇಬನಿಗೆ ಹೇಳಬೇಕೆನ್ನಿಸಿತು. ತಾಯಿಗೆ ಹೇಳುವ ಯೋಗ್ಯತೆ ತನಗೆಲ್ಲಿದೆ ಎಂದೂ ಅನ್ನಿಸಿತು. ಎರಡನೆಯದು ಹೆಚ್ಚು ಅನುಕೂಲದ್ದಾಗಿತ್ತು.

ಮೇಜಿನ ಮುಂದೆ ಕೂತು ಬರೆದ. ಕನ್ನಡದಲ್ಲಿ ಬರೆದ: ಆ ತುಂಡನ್ನು ಮುರಿದವನೂ ಕಿಸೆಯಲ್ಲಿ ಇಟ್ಟುಕೊಂಡವನೂ ನಾನು, ಓಂಕಾರ ಅವರ ತಪ್ಪಿಲ್ಲ. ಒಂಬತ್ತು ಶಬ್ದ, ಇಷ್ಟೇ. ಎರಡು ತಿಂಗಳು ಹೊತ್ತುಕೊಂಡು ತಿರುಗಿದ್ದು ಕಾಗದದ ಮೇಲೆ ಇಷ್ಟು ಸಣ್ಣದಾಗಿ ಕಂಡದ್ದಕ್ಕೆ ಆಶ್ಚರ್ಯವಾಯಿತು, ಒಂದು ಗಳಿಗೆ ಮೈ ಹಗುರವೂ ಆಯಿತು. ಬೆನ್ನ ಹಿಂದೆ ನಿಂತು ಓದಿದ ಪ್ರಣಿತಾ, “ಮೊದಲನೇ ಪಟ್ಟಿ ಅಂತ ನೀವ ಪಾಠ ಮಾಡ್ತೀರಿ” ಎಂದಳು. ಮತ್ತೆ, “ಕೇಸ್ ಆದ್ರ ಕಾಲೇಜನವರು ಮನಿಗೆ ಕಳಸ್ತಾರ. ಪೇಪರಿನ್ಯಾಗ ಫೋಟೋ ಬರ್ತೈತಿ. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಅಂತ ಕೆಳಗ ಬರೀತಾರ” ಎಂದಳು. ಹೆದರಿಸುತ್ತಿರಲಿಲ್ಲ, ಲೆಕ್ಕ ಬಿಡಿಸುತ್ತಿದ್ದಳು. ಹಡಗುಕಟ್ಟೆಯಿಂದ ಈಚೆಗೆ ಅವಳೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳನ್ನು ದೂರಿ ತಪ್ಪಿಸಿಕೊಳ್ಳುವ ದಾರಿಯೂ ಹೀಗೆ ಮುಚ್ಚಿಹೋಗಿತ್ತು. ಬರೆದದ್ದನ್ನು ನಾಲ್ಕಾಗಿ ಹರಿದು ಅಂಗಿಯ ಕಿಸೆಗೆ ಹಾಕಿಕೊಂಡ.

ಇನ್ನೊಂದು ಹಾಳೆ ತೆಗೆದ, ಕಾಲೇಜಿನ ಮುದ್ರೆ ಇರುವಂಥದು. ಇಂಗ್ಲಿಷಿನಲ್ಲಿ ಬರೆದ. ಪಾಸಾಗಿ ಹೋಗುವ ವಿದ್ಯಾರ್ಥಿಗಳಿಗೆ ಇಂಥವನ್ನು ವರ್ಷಕ್ಕೆ ಅರವತ್ತು ಬರೆದುಕೊಡುತ್ತಿದ್ದವನಿಗೆ ಯೋಚಿಸಬೇಕಾಗಲೇ ಇಲ್ಲ. ಶ್ರೀ ಓಂಕಾರ ಅವರನ್ನು ನಾನು ಬಲ್ಲೆ. ಅವರು ಸದ್ವರ್ತನೆಯುಳ್ಳವರು, ಕೆಲಸದಲ್ಲಿ ನಿಷ್ಠರು, ಪ್ರವಾಸಿಗರ ಬಗ್ಗೆ ಕಾಳಜಿಯುಳ್ಳವರು. ಅವರ ಭವಿಷ್ಯಕ್ಕೆ ಶುಭ ಕೋರುತ್ತೇನೆ. ಕಿಸೆಯ ಮಾತಿಲ್ಲ, ಕೊಂಬೆಯ ಮಾತಿಲ್ಲ. ಅಕ್ಷರಗಳು ದುಂಡಗೆ ಚೆಂದಾಗಿ ಬಂದಿದ್ದವು.

ದುರ್ಗಪ್ಪ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ಕೊನೆಯವರೆಗೆ ನೋಡಿದ. “ಖರೆ ಇದ್ದದ್ದ ಬರದೀರಲ್ರಿ?” ಎಂದು ಕೇಳಿದ.

“ಹೌದ್ರಿ. ಬರೆದೇನಿ.”

ಅದೂ ಸುಳ್ಳಲ್ಲ. ಬರೆದದ್ದೆಲ್ಲ ಖರೆಯೇ. ಮುದುಕ ಫೋನು ತೆಗೆದು ಕಾಗದದ ಚಿತ್ರ ಹಿಡಿದು ಮಗನಿಗೆ ಕಳಿಸಿದ. “ನಮ್ಮ ಮನ್ಯಾಕಿ, ಇಂದ್ರವ್ವ, ಹೋಗಬ್ಯಾಡ ಅಂದ್ಳರಿ. ದೊಡ್ಡ ಮಂದಿ, ಬರದ ಕೊಡೂದಿಲ್ಲ ಅಂದ್ಳು. ಮನಷ್ಯಾರ ಮ್ಯಾಲ ನಂಬಿಕಿ ಇಡಬೇಕು ಅಂತ ಬೈದ ಬಂದೇನಿ.” ಮೊದಲ ಸಲ ನಕ್ಕ. ನಗುವಾಗ ಮಗನನ್ನೇ ಹೋಲುತ್ತಿದ್ದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎರಡು ಮಾತಾಡಿ ದುರ್ಗಪ್ಪ ಫೋನನ್ನು ಅವನ ಕೈಗೆ ಕೊಟ್ಟ. “ನಿಮ್ಮ ಕೂಡ ಮಾತಾಡಬೇಕಂತ್ರಿ.”

ರಾವಸಾಹೇಬ ಅಂಗಳದ ಆ ತುದಿಗೆ ಹೋಗಿ ನಿಂತ. ಆಚೆಯಿಂದ ಗಾಳಿಯ ಸದ್ದು, ದೂರದಲ್ಲಿ ದೋಣಿಯ ಮೋಟರು.

“ಓದಿದ್ನಿರಿ ಸರ್,” ಎಂದ ಓಂಕಾರ. “ಚಲೋ ಬರದೀರಿ.”

ರಾವಸಾಹೇಬ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದ.

“ನೀವು ಕಿಸೆದಾಗ ಇಡೂದ ನಾ ನೋಡೇನ್ರಿ ಸರ್. ಆವಾಗ ಕೈ ಹಿಡಿಲಿಲ್ಲ. ಅಂಜಿದ ಮನಷ್ಯಾನ ಕೈ ಹಿಡದ ಜಗ್ಗಿದ್ರ ಅಂವ ಒಮ್ಮೆಲೇ ಮ್ಯಾಲ ಹೋಗಾಕ ನೋಡ್ತಾನ, ಎದಿ ಒಡಿತೈತಿ. ಮ್ಯಾಲ ಬಂದಮ್ಯಾಲ ನೀವ ಹೇಳ್ತೀರಿ ಅಂತ ಸುಮ್ನಾದೆ. ಹಡಗುಕಟ್ಟಿಮ್ಯಾಲೂ ಅದಕ್ಕ ಸುಮ್ನ ನಿಂತೆ. ಆಮ್ಯಾಲೆ ಹೇಳಿದ್ರ ಯಾರ ಕೇಳ್ತಾರ್ರಿ, ಪ್ರೊಫೆಸರ್ ಮಾತ ಬಿಟ್ಟ ನನ್ನ ಮಾತು.” ಅವನ ದನಿಯಲ್ಲಿ ಒಂದಿಷ್ಟಾದರೂ ಸಿಟ್ಟಿದ್ದಿದ್ದರೆ ರಾವಸಾಹೇಬನಿಗೆ ಆಸರೆ ಸಿಗುತ್ತಿತ್ತು. ದಣಿದಿತ್ತು, ಅಷ್ಟೇ. “ಅಪ್ಪಗ ಏನೂ ಹೇಳಬ್ಯಾಡ್ರಿ. ಆ ಚಿಟ್ಟಿ ಸಾಕು, ಕೆಲಸ ಆತು ಅನ್ರಿ. ಸೋಮವಾರ ನಾ ಏನರ ಹೇಳಕೋತೇನಿ. ಫೋನ ಇಡ್ಲೇನ್ರಿ?”

“ಓಂಕಾರ,” ಎಂದ ರಾವಸಾಹೇಬ. ಫೋನು ಆಗಲೇ ಇಟ್ಟಾಗಿತ್ತು.

ತಿರುಗಿ ಬಂದಾಗ ದುರ್ಗಪ್ಪ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. “ಏನಂದಾನ್ರಿ?” ಎಂದು ಕೇಳಿದ.

“ಸಾಕಂತ. ಕೆಲಸ ಆತು ಅಂದ.”

ಮುದುಕನ ಮುಖದಲ್ಲಿ ಒಂದೊಂದೇ ಗಂಟು ಬಿಚ್ಚುತ್ತ ಹೋದದ್ದನ್ನು ರಾವಸಾಹೇಬ ನೋಡಬೇಕಾಯಿತು. ಬೇಡವೆಂದರೂ ಕೇಳದೆ ಆತನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೊರಟ. ಮಾಡಬಹುದಾದ ಉಪಕಾರ ಅದೊಂದೇ ಉಳಿದಿತ್ತು. ದಾರಿಯುದ್ದಕ್ಕೂ ದುರ್ಗಪ್ಪ ಮಗನ ಬಗ್ಗೆ ಮಾತಾಡಿದ: ಆರು ವರ್ಷದವನಿದ್ದಾಗಲೇ ಮುಳುಗಿ ಹಿಡಕಲ್ ನೀರಿನ ತಳದ ಮಣ್ಣು ತಂದು ತೋರಿಸುತ್ತಿದ್ದನಂತೆ, ಎಷ್ಟು ಹೊಡೆದರೂ ಬಿಡುತ್ತಿರಲಿಲ್ಲವಂತೆ. ರಾವಸಾಹೇಬ ಹೂಂ ಎನ್ನುತ್ತ ಗಾಡಿ ನಡೆಸಿದ. ಈಗ ನಿಲ್ಲಿಸುತ್ತೇನೆ, ಈ ತಿರುವಿನಲ್ಲಿ ನಿಲ್ಲಿಸಿ ಹೇಳಿಬಿಡುತ್ತೇನೆ ಎಂದುಕೊಂಡ. ತಿರುವುಗಳು ಮೂರಿದ್ದವು. ಮೂರೂ ಮುಗಿದವು.

ದಡ್ಡಿಯ ಕಡೆ ಹೋಗುವ ಯಮಕನಮರಡಿಯ ಬಸ್ಸು ಹೊರಡಲು ತಯಾರಾಗಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ದುರ್ಗಪ್ಪ ಏನೋ ಹೊಳೆದಂತೆ ಇಳಿದು, ಫೈಲಿನಿಂದ ಕಾಗದ ತೆಗೆದು ಮುಂದೆ ಹಿಡಿದ. “ಸರ್, ತಾರೀಖ ಹಾಕಿಲ್ಲ ನೋಡ್ರಿ. ಗೇಟಿನ ಬುಕ್ಕಿನ್ಯಾಗ ತಾರೀಖ ಇಲ್ಲಾಂದ್ರ ಸಾಹೇಬರು ಬರದದ್ದನ್ನ ಒಪ್ಪತಿರಲಿಲ್ಲ.” ಪೆನ್ನನ್ನೂ ಆತನೇ ಕೊಟ್ಟ, ಅದರ ಟೊಪ್ಪಿಗೆ ತೆಗೆದು. ರಾವಸಾಹೇಬ ಕಾಗದವನ್ನು ಸ್ಕೂಟರಿನ ಸೀಟಿನ ಮೇಲೆ ಇಟ್ಟುಕೊಂಡ. ಕೊನೆಯ ಸಾಲಿಗೂ ಸಹಿಗೂ ನಡುವೆ ಎರಡು ಬೆರಳಗಲ ಖಾಲಿ ಜಾಗವಿತ್ತು. ಬರೆದರೆ ಆ ಒಂಬತ್ತು ಶಬ್ದ ಅಲ್ಲಿ ಹಿಡಿಯುತ್ತಿದ್ದವು. ಕಂಡಕ್ಟರು ಎರಡು ಸಲ ಸೀಟಿ ಊದಿದ. ದುರ್ಗಪ್ಪ ಅವನತ್ತ ಕೈ ಮಾಡಿ, “ಒಂದ ನಿಮಿಷ ತಡೀರಿ, ಸರ್ ಬರ್ಯಾಕತ್ತಾರ” ಎಂದ. ಬಸ್ಸಿನೊಳಗಿದ್ದವರೆಲ್ಲ ಕಿಟಕಿಯಿಂದ ನೋಡುತ್ತ ಕಾಯ್ದರು, ಯಾರೂ ಅವಸರ ಮಾಡಲಿಲ್ಲ. ರಾವಸಾಹೇಬ ಮೂಲೆಯಲ್ಲಿ ತಾರೀಖು ಬರೆದು ಕಾಗದ ತಿರುಗಿ ಕೊಟ್ಟ.